ಸಿಲ್ಲಾಳ ಕೊರಳಪಟ್ಟಿ

ಉಮ್ಮಾನ್ನಾಕ್
ನವೆಂಬರ್ 9

ಪ್ರೀತಿಯ ಉಸಾಕ್,

ಚೆನ್ನಾಗಿದ್ದೇನೆ. ನಿನ್ನ ಮೇಲಿನ ಸಿಟ್ಟೂ ಚೆನ್ನಾಗಿಯೇ ಇದೆ. ಆದರೂ ಬರೆಯದಿರಲಾಗಲಿಲ್ಲ.

ವಸಂತದಲ್ಲಿ ಕೋಪನ್‌ಹೇಗನ್‌ನಿಂದ ಥೀಯಾ ಎಂಬ ಹುಡುಗಿ ಬಂದಿದ್ದಳು. ನಾಯಿಗಳ ಮೂಲ ಹುಡುಕುವುದೇ ಅವಳ ಕೆಲಸ. ನಮ್ಮ ನಾಯಿಗಳ ಬಾಯೊಳಗೆ ಪುಟ್ಟ ಬ್ರಷ್ಷು ಆಡಿಸಿ ಜೊಲ್ಲು ತೆಗೆದುಕೊಂಡಳು. ನಿನ್ನಮ್ಮ ಹೊಲಿದ ಹಳೆಯ ನಾಯಿಚರ್ಮದ ಕೈಗವಸಿನಿಂದಲೂ ಒಂದು ಚೂರು ಕೇಳಿದಳು. ಕಾಣದಂತೆ ಒಳ ಅಂಚಿನಲ್ಲಿ ಕತ್ತರಿ ಹಾಕಿ ಕೊಟ್ಟೆ. ಆ ಗವಸು ತೊಟ್ಟ ನಿನ್ನ ಕೈ ಹಿಡಿದು ಎಷ್ಟು ಚಳಿಗಾಲ ನಡೆದಿದ್ದೇನೆ.

ಮೊನ್ನೆ ಅವಳ ಉತ್ತರ ಬಂತು. ಗವಸಿನ ನಾಯಿಯೂ ನಮ್ಮ ನಾಯಿಗಳೂ ಒಂದೇ ವಂಶವಂತೆ. ನಮ್ಮ ಹಿರಿಯರು ದೂರದ ಪಡುವಣದಿಂದ ಹೆಪ್ಪುಗಟ್ಟಿದ ಕಡಲ ಮೇಲೆ ಬಂದಾಗ ಅವರ ಹಿಮಬಂಡಿ ಎಳೆದ ನಾಯಿಗಳ ವಂಶ. ಇಷ್ಟು ಕಾಲವಾದರೂ ಬೇರೆ ರಕ್ತ ಹೆಚ್ಚೇನೂ ಬೆರೆತಿಲ್ಲವಂತೆ. ಓದುತ್ತಿದ್ದಂತೆ ನೆನಪಾದವಳು ನಮ್ಮ ಸಿಲ್ಲಾ. ಮದುವೆಯಾದ ವರ್ಷ, ಮೀನು ಹೇರಿಕೊಂಡು ಬರುವಾಗ, ನಾಯಿಸಾಲಿನ ಮುಂದಿದ್ದವಳು ಹೆಜ್ಜೆಯಿಡಲೊಲ್ಲದೆ ಕೂತುಬಿಟ್ಟಳು. ನೀನು ಬೈದೆ. ಇಳಿದು ಕಬ್ಬಿಣದ ಕೋಲಿನಿಂದ ಕುಟ್ಟಿದರೆ ಮಂಜುಗಡ್ಡೆ ಒಡೆದು ನೀರು ಚಿಮ್ಮಿತು. ನೀನು ಅವಳ ಕೊರಳು ತಬ್ಬಿ ಅತ್ತೆ. ನನ್ನನ್ನು ತಬ್ಬಿದ್ದು ಆಮೇಲೆ.

ಮಂಜುಗಡ್ಡೆ ವರ್ಷವರ್ಷವೂ ತೆಳ್ಳಗಾಯಿತು, ಮೀನಿನ ದಿನಗಳು ಕಡಿಮೆಯಾದವು, ನಮ್ಮ ಜಗಳ ಹೆಚ್ಚಿತು. ನೀನು ಡೆನ್ಮಾರ್ಕಿಗೆ ಕೆಲಸಕ್ಕೆ ಹೊರಟೆ. ಬಂಡಿ ಎಳೆಯಲಾಗದ ನಾಯಿಗೆ ಇಲ್ಲಿನವರೆಲ್ಲ ಮಾಡುವಂತೆ ಮುದಿ ಸಿಲ್ಲಾಳಿಗೆ ಗುಂಡು ಹಾರಿಸಲು ಕೈ ಬಾರದೆ ಅವಳನ್ನೂ ಕರೆದೊಯ್ದೆ. ಇಲ್ಲಿಂದ ಹೊರಹೋದ ಬಂಡಿನಾಯಿಯನ್ನು ಮತ್ತೆ ಒಳಗೆ ಬಿಡುವುದಿಲ್ಲವೆಂಬ ಕಾನೂನು ಇಲ್ಲಿನ ಮಕ್ಕಳಿಗೂ ಗೊತ್ತು. ನಿನ್ನಕ್ಕ ದೋಣಿಕಟ್ಟೆಯಲ್ಲೇ ಅಂದಳು, "ನಾಯೀನೂ ಕರ್ಕೊಂಡು ಹೋದ ಅಂದ್ಮೇಲೆ ಇವನು ವಾಪಸ್ ಬರೋನಲ್ಲ ಬಿಡು." ನನಗೂ ಹಾಗೇ ಅನ್ನಿಸಿತ್ತು. ಇಷ್ಟು ವರ್ಷ ಒಂದು ನಾಯಿಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ.

ಥೀಯಾ ಸಿಲ್ಲಾಳನ್ನು ಹುಡುಕಿಕೊಂಡು ನಿನ್ನಲ್ಲಿಗೂ ಬಂದಿದ್ದಳಂತೆ. ಸಿಲ್ಲಾ ಸತ್ತು ವರ್ಷವಾಯಿತೆಂದು ಅವಳ ಕಾಗದದಿಂದಲೇ ನನಗೆ ತಿಳಿದದ್ದು. ನನಗೊಂದು ಮಾತು ಹೇಳಬಾರದಿತ್ತೇ? ಸಿಲ್ಲಾಳಿಗಾಗಿ ಅತ್ತೆ. ನೀನು ಅಲ್ಲಿ ಒಬ್ಬನೇ ಕೂತು ಅತ್ತಿರಬೇಕೆಂದು ಇನ್ನಷ್ಟು ಅತ್ತೆ.

ಇನ್ನೇನು ಕಡಲು ಹೆಪ್ಪುಗಟ್ಟುತ್ತದೆ. ಸಿಲ್ಲಾಳ ಮಕ್ಕಳು ನನ್ನ ಮಾತು ಕೇಳುವುದಿಲ್ಲ. ಈ ಚಳಿಗಾಲವೂ ಓಡಿಸುವವರಿಲ್ಲದಿದ್ದರೆ ಅವನ್ನು ಬೇರೆಯವರಿಗೆ ಕೊಟ್ಟುಬಿಡಬೇಕು.

ಇನ್ನೂ ನಿನ್ನವಳೇ ಆದ
ಬಿಬಿಯಾನೆ

ತಾ.ಕ.: ಸಿಲ್ಲಾಳ ಕೊರಳಪಟ್ಟಿಯನ್ನಾದರೂ ಊರಿಗೆ ತರಬಹುದೇ ಎಂದು ನಾಯಿಗಳ ಕಾನೂನು ನೋಡಿಕೊಳ್ಳುವ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿನ ಮುದುಕ ಕನ್ನಡಕ ತೆಗೆದು ನನ್ನನ್ನೇ ನೋಡಿದ. "ಪಟ್ಟಿ ಬರ್ಬೋದು ಕಣಮ್ಮ. ಅದನ್ನ ತರೋನೂ ಬರ್ಬೋದು. ಕಾನೂನಿರೋದು ನಾಯಿಗೆ ಮಾತ್ರ" ಅಂದ.