ಕೈಬಿಟ್ಟ ಹನ್ನೊಂದನೇ ಮಾದರಿ

ಗುರುವಾರ, ಜೂನ್ ೧೪

ಪ್ರೀತಿಯ ಅಕ್ಕಾ,

ಫೋನಿನಲ್ಲೇ ಹೇಳಿಬಿಡೋಣವೆಂದು ಮೂರು ಸಲ ನಂಬರ್ ಒತ್ತಿದೆ. ನೀನು ಹಲೋ ಅಂದ ಕೂಡಲೇ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಎರಡು ವರ್ಷದ ಹಿಂದೆ ನಮ್ಮ ಲ್ಯಾಬಿಗೆ ಬಂದು ರಕ್ತ ಕೊಟ್ಟಿದ್ದೆಯಲ್ಲ? ಕಾಯಿಲೆಯಿಲ್ಲದ ಇಪ್ಪತ್ತು ಜನರ ರಕ್ತ ನನಗೆ ಬೇಕಿತ್ತು. ಸೂಜಿ ಕಂಡರೆ ಮಾರು ದೂರ ಓಡುವವಳು ನೀನು, ತಂಗಿ ಡಾಕ್ಟರೇಟ್ ಮಾಡ್ತಾಳೆ ಅಂದ್ರೆ ಒಂದು ಲೋಟ ಬೇಕಾದ್ರೂ ತಗೋ ಅಂತ ತೋಳು ಚಾಚಿದ್ದೆ.

ನನ್ನ ಕೆಲಸ ಏನೆಂದು ನಿನಗೆ ನೆಟ್ಟಗೆ ಹೇಳಿರಲೇ ಇಲ್ಲ. ಉಗುರಿನಷ್ಟಗಲದ ಚಿನ್ನದ ತಗಡಿನ ಮೇಲೆ, ವಿದ್ಯುತ್ ಹರಿಯುವಂಥ ಒಂದು ಪ್ಲಾಸ್ಟಿಕ್ ಪೊರೆ ಬೆಳೆಸುತ್ತೇವೆ. ಕಡುನೀಲಿ, ಹಾಲಿನ ಕೆನೆಗಿಂತ ತೆಳು. ಮೈ ಕಾಯಬೇಕಾದ ಪ್ರತಿಕಾಯಗಳೇ ತಿರುಗಿಬಿದ್ದು ಕೀಲು ತಿನ್ನುವುದುಂಟು. ಅಂಥವು ರಕ್ತದಲ್ಲಿದ್ದರೆ ಆ ಪೊರೆಗೆ ಅಂಟಿಕೊಳ್ಳುತ್ತವೆ, ಕರೆಂಟು ಇಳಿಯುತ್ತದೆ. ನೋವು ಶುರುವಾಗುವ ಮೊದಲೇ ಕಾಯಿಲೆ ಹಿಡಿಯಬಹುದು ಅನ್ನುವುದೇ ಅದರ ಹೆಚ್ಚುಗಾರಿಕೆ.

ಹನ್ನೊಂದನೇ ಮಾದರಿಯಲ್ಲಿ ಕರೆಂಟು ಧೊಪ್ಪನೆ ಇಳಿಯಿತು. ಆ ಹನ್ನೊಂದು ನೀನು, ಅಕ್ಕಾ.

ಪೊರೆ ಸರಿಯಾಗಿ ಕೂತಿಲ್ಲ ಅಂದುಕೊಂಡೆ. ಮಾರನೆಯ ದಿನ ಗೈಡ್ ಮುಂದೆ ಗ್ರಾಫ್ ಇಡಬೇಕಿತ್ತು. ಆರೋಗ್ಯವಂತರ ಸಾಲಿನಲ್ಲಿ ಒಂದು ಹೀಗೆ ಬಂದರೆ ನನ್ನ ಪೊರೆಯನ್ನು ಯಾರು ನಂಬುತ್ತಾರೆ? ನಿನ್ನ ಚುಕ್ಕೆ ಅಳಿಸಿದೆ. ಪೊರೆ ಹಾಳು ಅಂತ ಲ್ಯಾಬಿನ ಪುಸ್ತಕದಲ್ಲಿ ಬರೆದೆ. ಎಲ್ಲರೂ ಭೇಷ್ ಅಂದರು, ಪ್ರಬಂಧ ಅಚ್ಚಾಯಿತು, ಡಾಕ್ಟರೇಟೂ ಬಂತು. ಅಕ್ಕಪಕ್ಕದ ಮನೆಗೆಲ್ಲ ಸಿಹಿ ಹಂಚಿದವಳು ನೀನೇ.

ಗಡಿಯಾರದ ಅಂಗಡಿಯಲ್ಲಿ ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸುತ್ತಿದ್ದ ಬೆರಳು ನಿನ್ನವು. ಈಗ ಅಂಗಿಯ ಗುಂಡಿ ಹಾಕಲೂ ಭಾವ ಬೇಕು. ಒಂದೂವರೆ ವರ್ಷ ಮೊದಲು ಬಂದಿದ್ದರೆ ಬೆರಳು ಇಷ್ಟು ಸೊಟ್ಟಗಾಗುತ್ತಿರಲಿಲ್ಲ ಅಂದರಲ್ಲ ಡಾಕ್ಟರು ಹೋದ ವಾರ, ನೀನು ನನ್ನ ಕಡೆ ತಿರುಗಿ ನಕ್ಕು, ಯಾರಿಗೆ ಗೊತ್ತಿತ್ತು ಹೇಳು ಅಂದೆ. ನಾನೂ ಹೌದು ಅಂತ ತಲೆಯಾಡಿಸಿದೆ. ಅವತ್ತಿನಿಂದ ಕನ್ನಡಿ ನೋಡಲು ಆಗುತ್ತಿಲ್ಲ.

ಇವತ್ತು ಗೈಡ್‌ಗೆ ಎಲ್ಲ ಹೇಳಿ, ಅಚ್ಚಾದ ಪ್ರಬಂಧ ವಾಪಸ್ ಪಡೆಯಿರಿ ಅಂದೆ. ಡಿಗ್ರಿ ಉಳಿಯುವುದು ಅನುಮಾನ. ಉಳಿಯದಿದ್ದರೂ ಅದು ನಿನ್ನ ಬೆರಳಿಗೆ ಸಮನಲ್ಲ. ಕ್ಷಮಿಸು ಅನ್ನಲು ನನಗೆ ಮುಖವಿಲ್ಲ. ಬಾಯಿಗೆ ಬಂದ ಹಾಗೆ ಬೈ. ಪರವಾಗಿಲ್ಲ ಬಿಡೇ ಅಂತ ಮಾತ್ರ ಅನ್ನಬೇಡ.

ನಿನ್ನ ತಂಗಿ

ತಾ.ಕ.: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದ್ದೇನೆ. ಪೊರೆ ಸರಿಯಿಲ್ಲ ಅಂದುಕೊಂಡೆ ಅಂತ ಬರೆದದ್ದು ಸುಳ್ಳು. ಅವತ್ತೇ ಹೊಸ ಪೊರೆ ಬೆಳೆಸಿ ನಿನ್ನ ರಕ್ತವನ್ನು ಇನ್ನೆರಡು ಸಲ ನೋಡಿದ್ದೆ. ಎರಡು ಸಲವೂ ಕರೆಂಟು ಇಳಿದಿತ್ತು.