ಹಸಿರು ಕಾರಿಗೆ ಲಾಂಡ್ರಿ ವ್ಯಾನಿನ ಎಂಜಿನ್

ಮಾರ್ಚ್ 6, ಬೆಳಿಗ್ಗೆ

ಹೋಟೆಲಿನ ಹಾಸಿಗೆ ಬಟ್ಟೆ ಒಣಗಿಸಿ ಮಡಚಿದ್ದಾಯಿತು. ಹೊರಗೆ ಇನ್ನೂ ಹಿಮ. ವ್ಯಾನಿನ ಪಕ್ಕದ ಬಾಗಿಲು ಕೈಗೇ ಬಂತು. ಹಿಡಿಕೆಯಲ್ಲ, ಬಾಗಿಲೇ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ತಿಂದು ಅದರ ತಗಡೆಲ್ಲ ಹಪ್ಪಳವಾಗಿದೆ. ಎಂಜಿನ್ ಮಾತ್ರ ಈಗಲೂ ಒಂದೇ ಏಟಿಗೆ ಸ್ಟಾರ್ಟ್. ಬೆಟ್ಟದ ಮೇಲಿನ ಬಿಸಿನೀರ ಬುಗ್ಗೆಯ ಹೋಟೆಲುಗಳಿಗೆ, ಆ ಏರಿನಲ್ಲಿ, ಇಷ್ಟು ವರ್ಷ... ಒಮ್ಮೆಯೂ ನಡುದಾರಿಯಲ್ಲಿ ಕೈಬಿಟ್ಟಿಲ್ಲ.

ಗ್ಯಾರೇಜಿನ ಹೋಶಿನಾ ಬಂದು ಅಡಿಯಲ್ಲಿ ಮಲಗಿ ನೋಡಿದರು. ಎದ್ದು ಕೂತು, ಚಹಾದ ಜೊತೆ ಉಪ್ಪಿನಲ್ಲಿಟ್ಟ ಸೊಪ್ಪು ಅಗಿಯುತ್ತಾ ಅಂದರು, "ಇಕುಯೊ-ಸಾನ್, ಇದರ ಮೈ ಹೋಯ್ತು. ಜೀವ ಗಟ್ಟಿಯಾಗಿದೆ. ಏನ್ಮಾಡೋದು ಹೇಳಿ."

ಶೆಡ್ಡಿನಲ್ಲಿ ನನ್ನ ಗಂಡನ ಕಾರು ಇದೆಯಲ್ಲ. ಅದರ ಮೈ ಚಿನ್ನ, ಜೀವ ಹೋಗಿದೆ. ಬಾಯಿಗೆ ಬಂತು, ಹೇಳಿಬಿಟ್ಟೆ.

ಹೋಶಿನಾಗೆ ಚಹಾ ನೆತ್ತಿಗೇರಿತು. "ಯೋಶಿನೊಬು-ಸಾನ್ ಕಾರಿಗೆ ಲಾಂಡ್ರಿ ವ್ಯಾನಿನ ಎಂಜಿನ್ನಾ? ಸತ್ತೋರು ಎದ್ದು ಬರ್ತಾರೆ!"

"ಬರ್ಲಿ. ಬಂದ್ರೆ ಎಂಜಿನ್ ಎತ್ತೋಕೆ ಒಂದು ಕೈ ಹಾಕ್ಲಿ."

ಮಾರ್ಚ್ 9

ಶೆಡ್ಡಿಗೆ ಹೋಗಿ ಹೊದಿಕೆ ತೆಗೆದೆ. ಎಪ್ಪತ್ತೆರಡರ ಮಾಡೆಲ್, ಎರಡು ಬಾಗಿಲು, ಕಡುಹಸಿರು. ನನ್ನ ಗಂಡ ಭಾನುವಾರಗಳನ್ನೆಲ್ಲ ಇದರ ಮೈ ಉಜ್ಜುವುದರಲ್ಲೇ ಕಳೆದರು. ನನ್ನ ಬೆನ್ನು ಉಜ್ಜಿದ ನೆನಪಿಲ್ಲ. ಶೂ ಬಿಚ್ಚಿ ಕೈಯಲ್ಲಿ ಹಿಡಿದೇ ಕಾರು ಹತ್ತಬೇಕಿತ್ತು, ಅದೂ ಪಕ್ಕದ ಸೀಟಿಗೆ. ಸ್ಟೇರಿಂಗ್ ಮುಟ್ಟಲು ಬಿಟ್ಟವರಲ್ಲ. "ನಿನ್ನ ಕಾಲಿಗೆ ವ್ಯಾನ್ ರೂಢಿ. ಕ್ಲಚ್ ಸುಟ್ಟುಹಾಕ್ತೀಯ." ಮನೆ ನಡೆದದ್ದು ಆ ವ್ಯಾನಿನಿಂದಲೇ!

ಹೋದದ್ದರ ಹಿಂದಿನ ಶರತ್ಕಾಲದಲ್ಲಿ ರೇಡಿಯೇಟರ್ ತೊಳೆಯಲೆಂದು ಬರೀ ನೀರು ತುಂಬಿದರು. ಮರುದಿನ ಆಸ್ಪತ್ರೆ. ಆಮೇಲೆ ಸ್ಮಶಾನ. ನೀರಿನ ನೆನಪು ಯಾರಿಗಿರುತ್ತದೆ? ಜನವರಿಯ ಚಳಿಗೆ ನೀರು ಗಡ್ಡೆ ಕಟ್ಟಿ ಎಂಜಿನ್ ಸೀಳಿಹೋಯಿತು.

ಮಾರ್ಚ್ 15

ಸುದ್ದಿ ಎಷ್ಟು ಬೇಗ ಓಡುತ್ತದೆ. ಹಳೆ ಕಾರು ಕ್ಲಬ್ಬಿನ ಅಧ್ಯಕ್ಷ ಮಿಯಸಾಕ ಬಂದರು. ಮೊದಲು ದೇವರಗೂಡಿನ ಮುಂದೆ ಕೂತು ಗಂಡನ ಫೋಟೋಗೆ ಊದುಬತ್ತಿ ಹಚ್ಚಿದರು. ನನ್ನ ಕಡೆ ತಿರುಗಿದ್ದು ಆಮೇಲೆ.

"ಅತ್ತಿಗೆ, ಅದೇ ಮಾಡೆಲ್‌ನ ಅಸಲಿ ಎಂಜಿನ್ ಹುಡುಕಿದ್ದೀವಿ. ಕೂರಿಸಿ, ಊರಿನ ಇತಿಹಾಸ ಭವನದಲ್ಲಿ ಇಡ್ತೀವಿ. ಯೋಶಿನೊಬು ಹೆಸರು ಬರೆಸ್ತೀವಿ."

"ಓಡುತ್ತಾ?"

"ಓಡಿಸೋದ್ಯಾಕೆ? ಜನ ನೋಡ್ತಾರೆ."

"ನಾನು ಓಡಿಸ್ಬೇಕು."

ಮಗುವಿಗೆ ನಗುವ ಹಾಗೆ ನಕ್ಕರು. ಮೈ ಉರಿಯಿತು. ನಾಲಿಗೆ ನನಗಿಂತ ಮುಂದೆ ಓಡಿತು — ಶರತ್ಕಾಲದ ಕ್ಲಬ್ ಮೇಳಕ್ಕೆ ಈ ಕಾರು ಸ್ವಂತ ಚಕ್ರದ ಮೇಲೆ, ಸರಿಯಾದ ಕಾಗದಪತ್ರದ ಜೊತೆ ಬರದಿದ್ದರೆ ನಿಮ್ಮದೇ, ತಗೊಂಡು ಹೋಗಿ. ಮಿಯಸಾಕ ತಲೆಬಾಗಿ ಒಪ್ಪಿಕೊಂಡರು. ಬಾಗಿದ್ದು ಸ್ವಲ್ಪ ಜಾಸ್ತಿಯೇ ಆಯಿತು, ಗೆದ್ದವರ ಹಾಗೆ.

ಹೊರಡುವಾಗ, "ಅಂದ ಹಾಗೆ, ಮೇಳಕ್ಕೆ ದೊಡ್ಡ ಪಾತ್ರೆ ಮರೀಬೇಡಿ."

ಮೇಳದಲ್ಲಿ ಗಂಡಸರು ಬಾನೆಟ್ ಎತ್ತಿಕೊಂಡು ನಿಲ್ಲುತ್ತಾರೆ. ಹೆಂಡತಿಯರು ಹಿಂದಿನ ಟೆಂಟಿನಲ್ಲಿ ಹಂದಿಮಾಂಸದ ಸಾರು ಕುದಿಸುತ್ತಾರೆ. ಪಾತ್ರೆ ನಮ್ಮ ಮನೆಯಲ್ಲೇ ಇರುತ್ತದೆ, ತಿಕ್ಕುವವಳು ನಾನಾದ್ದರಿಂದ.

ಏಪ್ರಿಲ್ 2

ಹಳೆ ಎಂಜಿನ್ ಹೊರಗೆ ತೆಗೆದೆವು. ಅದಕ್ಕೂ ಮೊದಲು ಗಂಡನ ಫೋಟೋವನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ನಿಮ್ಮ ಕೈಲಿ ನೋಡಲಾಗುವುದಿಲ್ಲ, ಬೇಡ.

ಸರಪಳಿಯಲ್ಲಿ ನೇತಾಡುವ ಎಂಜಿನ್ನಿಗೆ ಹೋಶಿನಾ ಒಂದು ಲೋಟ ಸಾಕೆ ಮದ್ಯ ಸುರಿದು ಕೈಮುಗಿದರು. "ಕ್ಷಮಿಸಪ್ಪಾ. ಮಾಡಿಸ್ತಿರೋದು ಈಯಮ್ಮ, ನಾನಲ್ಲ." ಬಾಟಲಿಯಲ್ಲಿ ಉಳಿದದ್ದನ್ನು ತಾವೇ ಕುಡಿದರು.

ಏಪ್ರಿಲ್ 21

ಎಲ್ಲ ಕೆಟ್ಟಿತು.

ವ್ಯಾನಿನ ಎಂಜಿನ್ ಕಾರಿಗೆ ಇಳಿಸಿದೆವು. ಕೂತಿತು. ನಾನು ಚಪ್ಪಾಳೆ ಕೂಡ ತಟ್ಟಿದೆ. ಹೋಶಿನಾ ಸ್ಟೇರಿಂಗ್ ಕಂಬ ಸೇರಿಸಲು ಹೋದರು... ಆ ಜಾಗದಲ್ಲಿ ಎಂಜಿನ್ನಿನ ಹೊಗೆ ಪೈಪು ಕೂತಿದೆ. ನೇರ ಅದರ ದಾರಿಗೆ ಅಡ್ಡ.

ವ್ಯಾನಿನಲ್ಲಿ ಎಂಜಿನ್ ಸೀಟಿನ ಅಡಿಯಲ್ಲಿ, ಸ್ಟೇರಿಂಗ್ ಮುಂದೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಹೋಶಿನಾ ಬದುಕಿಡೀ ರಿಪೇರಿ ಮಾಡಿದ್ದು ಇಂಥ ವ್ಯಾನುಗಳನ್ನೇ, ನಾನು ಓಡಿಸಿದ್ದೂ ಇದನ್ನೇ. ಎಂಜಿನ್ ಮೇಲೆ ಕೂತು ರೂಢಿಯಾದ ಇಬ್ಬರು ಉದ್ದ ಅಳೆದೆವು, ಅಗಲ ಅಳೆದೆವು. ಸ್ಟೇರಿಂಗ್ ಕಂಬ ಎಂಜಿನ್ನಿನ ಪಕ್ಕದಲ್ಲೇ ಹಾದುಹೋಗುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಪೆದ್ದುಗಳು.

"ನಾನು ಮೊದ್ಲೇ ಹೇಳಿದ್ದೆ" ಅಂದರು.

"ಏನು ಹೇಳಿದ್ರಿ? ದೆವ್ವ ಬರುತ್ತೆ ಅಂದ್ರಿ. ಪೈಪಿನ ವಿಷಯ ಎಲ್ಲಿ ಹೇಳಿದ್ರಿ?"

ಸ್ಪ್ಯಾನರ್ ಎಸೆದು ಹೊರಟುಹೋದರು.

ಜೂನ್ 30

ಬರೆಯಲಿಲ್ಲ. ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಬಾಡಿಗೆ ವ್ಯಾನಿನಲ್ಲಿ ಬಟ್ಟೆ ಹಂಚುತ್ತಿದ್ದೇನೆ. ಅದು ಗೇರು ತಾನೇ ಬದಲಿಸಿಕೊಳ್ಳುತ್ತದೆ, ಕ್ಲಚ್ಚಿಗೆ ಕಾಲೇ ಬೇಕಿಲ್ಲ, ನಿದ್ದೆ ಬರುತ್ತದೆ.

ಅಂಗಡಿಯಲ್ಲಿ ಮಿಯಸಾಕ ಸಿಕ್ಕರು. "ಕಾರು ಹೇಗಿದೆ ಅತ್ತಿಗೆ?" ಎಂದು ಎಷ್ಟು ಮೆತ್ತಗೆ ಕೇಳಿದರು ಅಂದರೆ... ಎಲ್ಲ ಗೊತ್ತು ಅವರಿಗೆ. ಪಕ್ಕದಲ್ಲಿ ಹೆಂಡತಿ ಫುಸಾಕೊ, ಮೂಲಂಗಿ ಹಿಡಿದು ನೆಲ ನೋಡುತ್ತಿದ್ದರು. ಮೆಲ್ಲಗೆ, "ಬಿಟ್ಟುಬಿಡಬೇಡಿ" ಅಂದ ಹಾಗಾಯಿತು. ಗಂಡನಿಗೆ ಕೇಳಿಸಲಿಲ್ಲ.

ಮನೆಗೆ ಬಂದು ಅತ್ತುಬಿಟ್ಟೆ. ಸೋಲಲು ಹೆದರಿಕೆ. ಬರೆದೇಬಿಡುತ್ತೇನೆ, ಹೆದರಿಕೆಯೇ. ಈ ಕಾರು ಹೋದರೆ ನನ್ನ ಇಡೀ ಸಂಸಾರ ಪಕ್ಕದ ಸೀಟಿನಲ್ಲೇ ಮುಗಿದ ಹಾಗೆ.

ಜುಲೈ 3

ಇಸ್ತ್ರಿ ಮಾಡಿದ ಅಂಗಿ ತಗುಲಿಹಾಕುತ್ತಿದ್ದೆ. ಕೈಯಲ್ಲಿ ತಂತಿಯ ಹ್ಯಾಂಗರ್. ಬೆರಳು ತಾನಾಗಿ ಅದನ್ನು ಬಗ್ಗಿಸಿತು... ಬಾಯ್ಲರಿನ ಹಬೆಯ ಪೈಪು ಇಸ್ತ್ರಿ ಯಂತ್ರ ಬಳಸಿ ಹೋಗುತ್ತದಲ್ಲ, ಹಾಗೆ.

ಒಂದು ಹಿಡಿ ಹ್ಯಾಂಗರ್ ತೆಗೆದುಕೊಂಡು ಶೆಡ್ಡಿಗೆ ಓಡಿದೆ. ಹೊಗೆ ಪೈಪು ಹೋಗಬೇಕಾದ ದಾರಿ: ಎಂಜಿನ್ನಿನಿಂದ ಮುಂದಕ್ಕೆ ತಂದು, ಕೆಳಗಿಳಿಸಿ, ಕಂಬದ ಅಡಿಯಲ್ಲಿ ನುಸುಳಿಸಿ ಹಿಂದಕ್ಕೆ. ಬಗ್ಗಿಸು, ಇಟ್ಟು ನೋಡು, ಬಿಚ್ಚು. ಕೈ ತುಂಬ ಗೀರು. ಕೊನೆಗೆ ಒಂದು ಕೂತಿತು.

ಅದನ್ನು ಹೋಶಿನಾ ಬಾಗಿಲಿಗೆ ನೇತುಹಾಕಿ ಬಂದೆ. ಮಾತಾಡಿಸಲಿಲ್ಲ.

ಜುಲೈ 5

ಬಂದರು. ಕೈಯಲ್ಲಿ ಅದೇ ತಂತಿ, ಕಂಕುಳಲ್ಲಿ ಉಕ್ಕಿನ ಪೈಪು.

"ಇಲ್ಲಿ ಒಂದು ಬೆರಳು ಕೆಳಗೆ ಹೋಗ್ಬೇಕು. ಉಳಿದದ್ದು ಪರ್ವಾಗಿಲ್ಲ."

ನನಗೆ ಅಷ್ಟು ಸಾಕು. ಸೊಪ್ಪು ಹೊಸ ಭರಣಿಯದು ತೆಗೆದು ಕೊಟ್ಟೆ.

ಆಗಸ್ಟ್ 24, ಮಧ್ಯಾಹ್ನ

ಸ್ಟಾರ್ಟ್ ಆಯಿತು. ಒಂದೇ ಏಟಿಗೆ!

ವ್ಯಾನಿನ ಅದೇ ದನಿ, ಗೊಣಗುವ ದನಿ. ಹಸಿರು ಬಾನೆಟ್ಟಿನ ಕೆಳಗಿಂದ ನನ್ನ ದುಡಿಮೆಯ ದಿನಗಳೆಲ್ಲ ಗೊಣಗಿದವು. ಕುಣಿದೆ, ಈ ವಯಸ್ಸಿಗೆ. ಹೋಶಿನಾ ಶುದ್ಧಿಗೆಂದು ನಾಲ್ಕೂ ಚಕ್ರಕ್ಕೆ ಉಪ್ಪು ಚಿಮುಕಿಸಿದರು. ಉಪ್ಪು ಕಂಡರೆ ನನಗಾಗುವುದಿಲ್ಲ. ಮುಗಿದ ಕೂಡಲೇ ತೊಳೆದುಬಿಟ್ಟೆ.

ಸೆಪ್ಟೆಂಬರ್ 18

ಸಾರಿಗೆ ಕಚೇರಿಯ ತಪಾಸಣೆ. ಬೇರೆ ಎಂಜಿನ್ ಅಂದಮೇಲೆ ಕಾಗದ ಪೂರಾ ಬೇರೆ. ಬ್ರೇಕ್ ಸರಿ, ದೀಪ ಸರಿ, ಹೊಗೆ ಸರಿ. ಕೊನೆಗೆ ಎಂಜಿನ್ ಮೇಲೆ ಒತ್ತಿದ ಮಾದರಿ ಸಂಖ್ಯೆ ಕಾಣಬೇಕು. ಅದು ನಮ್ಮ ಹೊಸ ಪೈಪಿನ ಮರೆಗೆ ಹೋಗಿದೆ! ಬಿಳಿ ಕೈಗವಸಿನ ಅಧಿಕಾರಿ ಈ ಕಡೆ ಬಗ್ಗಿದ, ಆ ಕಡೆ ಬಗ್ಗಿದ. "ಕಾಣದೆ ಪಾಸ್ ಮಾಡಕ್ಕಾಗಲ್ಲಮ್ಮ."

ಹೋಶಿನಾ ಮುಖ ಸುಣ್ಣವಾಯಿತು. ನಾನು ಕೈಚೀಲದಿಂದ ಪೌಡರ್ ಡಬ್ಬಿ ತೆಗೆದು, ಅದರ ಕನ್ನಡಿಯನ್ನು ಪೈಪಿನ ಹಿಂದೆ ಹಿಡಿದೆ.

"ಈಗ ನೋಡಪ್ಪ."

ಟಾರ್ಚ್ ಬಿಟ್ಟ. ನೋಡಿದ. ಸೀಲು ಒತ್ತಿದ.

ಮನೆಗೆ ಬಂದು ಫೋಟೋ ಈ ಕಡೆ ತಿರುಗಿಸಿದೆ. ಎಂದಿನ ಹಾಗೇ ನಗುತ್ತಿದ್ದಾರೆ. ಬೈಯಲು ಏನೇನೋ ಕಟ್ಟಿಕೊಂಡಿದ್ದೆ. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಬೇಕಿತ್ತು ಅನ್ನಿಸಿತು, ಅಷ್ಟೇ. ಶೂ ಬಿಚ್ಚಿಸಿ.

ಅಕ್ಟೋಬರ್ 13

ಮೇಳ. ಚಿಕುಮಾ ನದಿ ದಂಡೆ. ರಬ್ಬರ್ ಬೂಟು ಹಾಕಿಕೊಂಡೇ ಕಾರು ಹತ್ತಿದೆ. ಹಿಂದಿನ ಸೀಟಿನಲ್ಲಿ ದೊಡ್ಡ ಪಾತ್ರೆ.

ಸಾಲು ನಿಂತ ಕಾರುಗಳ ನಡುವೆ ಗೊಣಗುತ್ತಾ ಹೋದೆ. ತಲೆಗಳು ತಿರುಗಿದವು. ಯಾರೋ "ಇದೇನು, ತರಕಾರಿ ಗಾಡಿ ಬಂತಾ?" ಅಂದ. ಇನ್ನೊಬ್ಬ ನಕ್ಕ. ಮಿಯಸಾಕ ಬಂದು ಕಾಗದ ನೋಡಿದರು. ಎರಡು ಸಲ.

"ಓಡೋದೇನೋ ಓಡ್ತು... ಆದ್ರೆ ಅತ್ತಿಗೆ, ಇದನ್ನ ಈ ಸಾಲಲ್ಲಿ ನಿಲ್ಸೋಕಾಗಲ್ಲ. ಅಸಲಿ ಅಲ್ಲ. ಅಲ್ಲಿ, ಬಂದವರ ಗಾಡಿ ನಿಲ್ಲಿಸೋ ಕಡೆ ಹಾಕಿ. ನೀವು ಟೆಂಟಿಗೆ ಬನ್ನಿ, ಒಲೆ ಹೊತ್ತಿಸಿದ್ದಾರೆ."

ಇಳಿದೆ. ಪಾತ್ರೆ ಎಳೆದು ಅವರ ಕಾಲ ಬಳಿ ಇಟ್ಟೆ. ಸೌಟು ಕೈಗೆ ಕೊಟ್ಟೆ.

"ನಿಲ್ಲಿಸೋಕೆ ತಂದಿಲ್ಲ ಮಿಯಸಾಕ-ಸಾನ್. ಪಾತ್ರೆ ಕೊಟ್ಟು ಹೋಗೋಣ ಅಂತ ಬಂದೆ. ಈ ಸಲ ಸಾರು ನೀವು ಮಾಡಿ."

ಟೆಂಟಿನಿಂದ ಫುಸಾಕೊ ಬಂದರು. ಏಪ್ರನ್ ಬಿಚ್ಚಿ, ಮಡಚಿ, ಗಂಡನ ಹೆಗಲಿಗೆ ಹಾಕಿದರು.

"ಉಪ್ಪು ಕೊನೇಗೆ ಹಾಕಿ" ಅಂದರು.

ಪಕ್ಕದ ಸೀಟಿನ ಬಾಗಿಲು ತೆರೆದು, ಬಗ್ಗಿ ಶೂ ಬಿಚ್ಚಲು ಹೋದರು.

"ಹಾಕ್ಕೊಂಡೇ ಹತ್ರಿ!" ಎಂದು ಕೂಗಿದೆ. ದಂಡೆಗೆಲ್ಲ ಕೇಳಿಸಿರಬೇಕು.

ಹೋಟೆಲುಗಳ ಏರು ಹತ್ತಿ, ಸೇಬಿನ ತೋಟ ಬಳಸಿ, ಸಂಜೆಯವರೆಗೂ ಸುತ್ತಿದೆವು. ಸಾರು ಉಪ್ಪಾಗಿತ್ತಂತೆ.

ಅಕ್ಟೋಬರ್ 20, ಬೆಳಿಗ್ಗೆ

ಇವತ್ತು ಬಟ್ಟೆ ಕಡಿಮೆ. ಬೇಗ ಮುಗಿಸಿದೆ. ಫುಸಾಕೊ ಬಂದರು. ಮದುವೆಗೆ ಮುಂಚೆ ಲೈಸೆನ್ಸ್ ಮಾಡಿಸಿ, ಒಂದು ದಿನವೂ ಓಡಿಸದೆ ನವೀಕರಿಸುತ್ತಾ ಬಂದವರು. ಎಂದೂ ತಪ್ಪು ಮಾಡದವರಿಗೆ ಕೊಡುವ ಬಂಗಾರದ ಪಟ್ಟಿಯ ಕಾರ್ಡು. ತೋರಿಸಿ ತಾವೇ ನಕ್ಕರು. ಕೀಲಿ ಕೊಟ್ಟು ಕಳಿಸಿದೆ, ಹೋಗಿ ಕೂತಿರಿ ಎಂದು. ಕ್ಲಚ್ ಸುಟ್ಟರೆ ಸುಡಲಿ, ಹೋಶಿನಾ ಇದ್ದಾರೆ.

ಹೊರಗೆ ಹಾರ್ನ್. ನಾನಿನ್ನೂ ಬೂಟು ಹಾಕಿಲ್ಲ. ಇನ್ನೊಂದು ಸಲ, ಉದ್ದಕ್ಕೆ... ಸ್ಟಾರ್ಟೂ ಮಾಡಿಬಿಟ್ಟರು! ತಡೀರಿ, ಬಂದೆ, ನಾನಿಲ್ಲದೆ ಹೊರಡ—