ಭಾವನ ಬೆನ್ನುನೋವು

ಅಬರ್ಡೀನ್

ಡಂಕನ್ ಭಾವನವರಿಗೆ,

ಕಂಪನಿ ಮುಚ್ಚಿ ಅದರ ಹಣವನ್ನು ಕಡಿಮೆ ತೆರಿಗೆಯಲ್ಲಿ ಪಡೆದವರು ಎರಡು ವರ್ಷದೊಳಗೆ ಅದೇ ಕೆಲಸಕ್ಕೆ ಮತ್ತೊಂದು ಕಂಪನಿ ತೆರೆಯಬಾರದಂತೆ. ತೆರಿಗೆ ಇಲಾಖೆ ಈಗ ನನ್ನಿಂದ ಉಳಿದ ತೆರಿಗೆಯನ್ನೆಲ್ಲ ಕೇಳಿದೆ, ಮನೆ ಮಾರಬೇಕು.

ಬೆಸುಗೆ ತಪಾಸಣೆಯ ನಮ್ಮಿಬ್ಬರ ಕಂಪನಿಗಳನ್ನೂ ಒಂದೇ ತಿಂಗಳಲ್ಲಿ ಮುಚ್ಚಿದ್ದೆವು. “ಬೇಸಿಗೆಗೆ ಹೊಸದು ತೆಗಿಯೋ ಮಾರಾಯ, ಯಾರು ಕೇಳ್ತಾರೆ?” ಎಂದವರು ನೀವು. ನಾನು ತೆರೆದ ದಿನ ವಿಸ್ಕಿ ತಂದು ಹರಸಿದಿರಿ. ನೀವು ಮಾತ್ರ ಬೆನ್ನುನೋವೆಂದು ಮನೆಯಲ್ಲೇ ಉಳಿದಿರಿ. ಎರಡು ಚಳಿಗಾಲ ನಿಮ್ಮ ಅಂಗಳದ ಹಿಮ ಎತ್ತಿದವನು ನಾನು.

ಎರಡು ವರ್ಷ ತುಂಬಿದ ಮರುವಾರವೇ ನೀವೂ ಹೊಸ ಕಂಪನಿ ತೆರೆದಿರೆಂದು ಅಕ್ಕ ಖುಷಿಯಿಂದ ಹೇಳಿದಳು. ಅವಳಿಗೆ ನಾನೇನೂ ಹೇಳಿಲ್ಲ.

ಬೆನ್ನು ವಾಸಿಯಾಗಿರಬೇಕು. ನನ್ನ ಸಲಿಕೆ ಕಳಿಸಿಕೊಡಿ.

ಇಂತು,
ಗ್ರೆಗರ್